ಗಾಜಿನ ಈಚೆಯ ಬಿಸಿಲು

ತಟ್ಟೆಯೊಂದರಲ್ಲಿ ಇನ್ನೂರು ಗುಳಿಗೆ. ಅದರಲ್ಲಿ ಕೆಟ್ಟದ್ದು ಒಂದೇ ಒಂದಿದ್ದರೂ ದೊಡ್ಡಕ್ಕನ ಕಣ್ಣು ತಪ್ಪಿಸಿ ಮುಂದೆ ಹೋಗುತ್ತಿರಲಿಲ್ಲ. ಹದಿನಾರು ವರ್ಷದಿಂದ ಅದೇ ಮೇಜಿನ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು. ಹೊಟ್ಟೆಯಲ್ಲಿ ಗಾಳಿಗುಳ್ಳೆ ಹೊತ್ತದ್ದು, ಅಂಚಿನಲ್ಲಿ ಎಣ್ಣೆ ಜಿನುಗಿದ್ದು, ಒಂದಕ್ಕೊಂದು ಅಂಟಿ ಅವಳಿಯಾದದ್ದು, ಬಣ್ಣ ಕೂದಲೆಳೆಯಷ್ಟು ಕಂದಿದ್ದು, ಎಲ್ಲವನ್ನೂ ಚಿಮಟದ ತುದಿಯಿಂದ ಎತ್ತಿ ಕೆಂಪು ಡಬ್ಬಿಗೆ ಹಾಕುತ್ತಿದ್ದಳು. ಅಂಥವಳ ಎದುರಿಗೇ, ಮಾರು ದೂರದಲ್ಲಿ, ಒಡಹುಟ್ಟಿದ ತಂಗಿ ಒಂದೂವರೆ ವರ್ಷ ಕುಂದುತ್ತ ಬಂದಳು. ಅದು ಅವಳಿಗೆ ಕಾಣಲಿಲ್ಲ.

ಕಾಣಲಿಲ್ಲ ಎನ್ನುವುದೂ ಸುಳ್ಳು. ಕಂಡಿತ್ತು. ಕಂಡು ನಕ್ಕಿದ್ದಳು. ಅವಳ ಸಿಟ್ಟಿಗೆಲ್ಲ ಬುಡ ಅಲ್ಲಿತ್ತು.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ವಿಟಮಿನ್ ಡಿ ಗುಳಿಗೆ. ಮೂಳೆ ಗಟ್ಟಿಯಾಗಲಿ ಎಂದು ಡಾಕ್ಟರುಗಳು ಬರೆದುಕೊಡುತ್ತಾರಲ್ಲ, ಅದೇ. ಜೇನಿನ ಬಣ್ಣದ್ದು, ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಗ್ಗುವಂಥದ್ದು. ಯಂತ್ರದಿಂದ ಬಿದ್ದು ಒಣಗಿ ಬಂದದ್ದನ್ನು ಆರಿಸುವ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು. ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕ್, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಿಳಿ ಗೌನು, ಅದರ ತೋಳಿನ ಮೇಲಕ್ಕೆ ಎಳೆದುಕೊಂಡ ಗ್ಲೌಸು, ಪಾದಕ್ಕೆ ಬಟ್ಟೆಯ ಚೀಲ. ಹೊರಗೆ ಕಾಣುವುದು ಎರಡು ಕಣ್ಣು ಮತ್ತು ಹುಬ್ಬು.

"ನಾನು ಸತ್ರೆ ಗುರುತು ಹಿಡಿಯೋಕೆ ಹುಬ್ಬು ನೋಡ್ರೇ, ಮುಖ ತೋರಿಸಿದ್ರೆ ನಿಮಗೆ ಗೊತ್ತಾಗಲ್ಲ" ಎನ್ನುತ್ತಿದ್ದಳು ರೇಡಿಯೋ. ಅವಳಿಗೆ ಆ ಹೆಸರು ಬಿದ್ದದ್ದೇಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಮಾಸ್ಕಿನ ಹಿಂದೆಯೂ ನಿಲ್ಲದ ಬಾಯಿ.

ಆ ಕೋಣೆಯೊಳಗೆ ಹೋಗುವುದೇ ಒಂದು ಕೆಲಸ. ಚಪ್ಪಲಿ ಬಿಡಬೇಕು, ಕೈ ತೊಳೆಯಬೇಕು, ನಡುವೆ ಅಡ್ಡಲಾಗಿ ಹಾಕಿದ ಬೆಂಚಿನ ಮೇಲೆ ಕೂತು ಒಂದೊಂದೇ ಕಾಲನ್ನು ಆಚೆ ದಾಟಿಸಬೇಕು, ಮತ್ತೆ ಕೈ ತೊಳೆಯಬೇಕು, ಗೌನು ನೆಲಕ್ಕೆ ತಾಗದಂತೆ ತೊಡಬೇಕು. ಹೀಗೆ ಹನ್ನೊಂದು ಹಂತ, ಇಪ್ಪತ್ತು ನಿಮಿಷ. ಒಮ್ಮೆ ಅಂಗಳಕ್ಕೆ ಕಾಲಿಟ್ಟರೆ ಹನ್ನೊಂದೂ ಮೊದಲಿಂದ. ಊಟದ ಬಿಡುವು ಅರ್ಧ ಗಂಟೆ. ಲೆಕ್ಕ ಬಲ್ಲವರು ಯಾರು ಹೊರಗೆ ಹೋಗುತ್ತಾರೆ? ಒಳಗೇ, ಕಿಟಕಿಯಿಲ್ಲದ ಒಂದು ಗೂಡಿನಲ್ಲಿ ಡಬ್ಬಿ ಬಿಚ್ಚಿ ಉಂಡು ಮತ್ತೆ ತಟ್ಟೆಯ ಮುಂದೆ. ಬೆಳಗ್ಗೆ ಪರದೆ ಎಳೆದ ವ್ಯಾನಿನಲ್ಲಿ ತೂಕಡಿಸುತ್ತ ಬರುವುದು, ಸಂಜೆ ದೀಪ ಹತ್ತಿದ ಮೇಲೆ ಅದೇ ವ್ಯಾನಿನಲ್ಲಿ ತೂಕಡಿಸುತ್ತ ಹೋಗುವುದು. ವಾರದ ರಜೆಯ ದಿನ ಬಟ್ಟೆ ಒಗೆದು ಮನೆಯೊಳಗೇ ಹರವಿ, ಮಧ್ಯಾಹ್ನವೆಲ್ಲ ಸತ್ತ ಹಾಗೆ ಮಲಗುವುದು.

ಆದರೆ ಕೋಣೆಗೆ ಒಂದು ಭಾಗ್ಯವಿತ್ತು. ದಕ್ಷಿಣದ ಗೋಡೆ ಪೂರಾ ಗಾಜು. ಹತ್ತು ಗಂಟೆಗೆ ಬಿಸಿಲು ಮೇಜಿನ ಅಂಚಿಗೆ ಬಂದು, ಎರಡು ಗಂಟೆಯವರೆಗೂ ಅಲ್ಲೇ ಬೆಕ್ಕಿನಂತೆ ಬಿದ್ದಿರುತ್ತಿತ್ತು. ನೋಡಲು ಬಂದ ದೊಡ್ಡ ಮನುಷ್ಯರನ್ನು ಗಾಜಿನ ಆಚೆ ಅಂಗಳದಲ್ಲಿ ನಿಲ್ಲಿಸಿ ಮ್ಯಾನೇಜರು, "ನಮ್ಮ ಹೆಣ್ಣುಮಕ್ಕಳು ಬಿಸಿಲಲ್ಲೇ ಕೂತು ಕೆಲಸ ಮಾಡ್ತಾರೆ" ಎನ್ನುತ್ತಿದ್ದರು. ಆ ತಣ್ಣನೆಯ ಕೋಣೆಯಲ್ಲಿ ಬಿಸಿಲಿನ ಬದಿಯ ಕುರ್ಚಿಗೆ ಜಗಳವೇ ನಡೆಯುತ್ತಿತ್ತು. ಜಗಳ ಹೆಚ್ಚಾದರೆ ದೊಡ್ಡಕ್ಕ ಎದ್ದು ಬರುತ್ತಿದ್ದಳು. ಮೇಜಿನ ಹಿರಿಯಳು, ಡಿಗ್ರಿ ಓದಿದವಳು, ಮಾತಿಗೆ ಮೊದಲು ಮೂರು ಸಲ ಯೋಚಿಸುವವಳು. ಅವಳು ಹೇಳಿದ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ತಂಗಿ ಮಾತ್ರ ಬಿಚ್ಚುತ್ತಿದ್ದಳು. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗಿಡ್ಡ, ಚುರುಕು, ಒಂದು ಕಡೆ ನಿಲ್ಲದ ಜೀವ. ಒಂಬತ್ತು ವರ್ಷದ ಹಿಂದೆ ಕೈ ಹಿಡಿದು ಈ ಕೆಲಸಕ್ಕೆ ಕರೆತಂದದ್ದು ದೊಡ್ಡಕ್ಕನೇ.

"ಅಕ್ಕಾ, ಸೊಂಟ ನೋಯ್ತಿದೆ ಕಣೇ" ಎಂದಳು ಗುಬ್ಬಿ ಒಂದು ದಿನ.

"ಮೂವತ್ತೆರಡಕ್ಕೆ ಸೊಂಟ ನೋವಾ? ನಿನ್ನ ವಯಸ್ಸಲ್ಲಿ ನಂಗೆ ಸೊಂಟ ಇದೆ ಅನ್ನೋದೇ ಗೊತ್ತಿರಲಿಲ್ಲ."

"ಹೇಗೆ ಗೊತ್ತಾಗುತ್ತೆ? ನಿಂದು ಮೇಲಿಂದ ಕೆಳಗೆ ಒಂದೇ ಅಳತೆ."

ಹದಿಮೂರು ಮಾಸ್ಕುಗಳು ಒಟ್ಟಿಗೆ ಉಬ್ಬಿದವು. ದೊಡ್ಡಕ್ಕನೂ ನಕ್ಕಳು.

ಸೊಂಟದ ನೋವು ತೊಡೆಗೆ ಇಳಿಯಿತು. ಗುಬ್ಬಿ ಕುರ್ಚಿಯಿಂದ ಏಳುವಾಗ ಮೊಣಕಾಲಿನ ಮೇಲೆ ಎರಡೂ ಕೈಯೂರಿ ಏಳತೊಡಗಿದಳು. ಮನೆಯಲ್ಲಿ ನೆಲದಿಂದ ಏಳುವಾಗ ಗೋಡೆ ಹಿಡಿದಳು. ಅಮ್ಮ, "ಅರವತ್ತೆಂಟು ನನಗೋ ಇವಳಿಗೋ? ಮೆಟ್ಟಿಲು ಹತ್ತೋಕೆ ನಾನು ಇವಳಿಗಾಗಿ ಕಾಯಬೇಕು" ಎಂದು ಗೊಣಗಿದಳು. ನಡಿಗೆ ಬದಲಾಯಿತು; ಹೆಜ್ಜೆ ಇಟ್ಟಾಗ ಮೈ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ವಾಲುತ್ತಿತ್ತು. "ಏ, ನಮ್ಮ ಗುಬ್ಬಿ ಬಾತುಕೋಳಿ ಆಗಿದೆ ಕಣ್ರೇ" ಎಂದಳು ರೇಡಿಯೋ. ಹೆಸರು ಅಂಟಿಕೊಂಡುಬಿಟ್ಟಿತು. ಬಾತು ಬಂದಳು, ಬಾತು ಹೋದಳು. ಗುಬ್ಬಿಯೂ ಕ್ವಾಕ್ ಎಂದು ಕೂಗಿ ತೋರಿಸಿ ನಗಿಸಿದಳು. ಅವಳ ಹುಬ್ಬು ಮಾತ್ರ ನಗುತ್ತಿರಲಿಲ್ಲ. ಹುಬ್ಬು ಒಂದೇ ಕಾಣುವ ಕೋಣೆಯಲ್ಲಿ ಅದನ್ನು ಯಾರೂ ನೋಡಲಿಲ್ಲ.

ದೊಡ್ಡಕ್ಕ ತನಗೆ ತಿಳಿದದ್ದನ್ನು ಮಾಡಿದಳು. ಮುಲಾಮು ತಂದಳು. ತೊಡೆ ಒತ್ತಿದಳು. ಬಿಸಿಲು ಮೂಳೆಗೆ ಒಳ್ಳೆಯದೆಂದು ಗುಳಿಗೆ ಕಾರ್ಖಾನೆಯವಳಿಗೆ ಬೇರೆ ಹೇಳಬೇಕೆ? ಬಿಸಿಲಿನ ಬದಿಯ ಕುರ್ಚಿಯನ್ನು, ಸರದಿ ಮುರಿದು, ತಂಗಿಗೆ ಕಾಯಂ ಮಾಡಿದಳು. ರೇಡಿಯೋ ಒಂದು ವಾರ ಮುಖ ಊದಿಸಿಕೊಂಡಳು. "ನಿಂಗೂ ಸೊಂಟ ನೋವು ಬರಲಿ, ಕೊಡ್ತೀನಿ" ಎಂದು ದೊಡ್ಡಕ್ಕ ಬಾಯಿ ಮುಚ್ಚಿಸಿದಳು. ಹತ್ತರಿಂದ ಎರಡರವರೆಗೆ ಗುಬ್ಬಿ ಬೆನ್ನಿಗೆ ಬಿಸಿಲು ಹಾಕಿಕೊಂಡು ಕೂರುವುದನ್ನು ಕಂಡಾಗಲೆಲ್ಲ ಅವಳಿಗೆ ಸಮಾಧಾನ. ಬೆಚ್ಚಗಿದೆಯಲ್ಲ, ಒಳಗೆ ಇಳಿಯುತ್ತಿದೆ ಎಂದುಕೊಂಡಳು.

ಆಮೇಲೆ ಆರೋಗ್ಯದ ಹಾಳೆ ಬಂತು. ವರ್ಷಕ್ಕೊಮ್ಮೆ ಬರುವುದು. ಮ್ಯಾನೇಜರು ಹದಿನಾಲ್ಕು ಹಾಳೆಯ ಕಟ್ಟನ್ನು ದೊಡ್ಡಕ್ಕನ ಕೈಗಿಟ್ಟು, "ಸಂಜೆಯೊಳಗೆ ಬೇಕು ಅಕ್ಕಾ. ಅವರ ಕೈಲಿ ಬರೆಸಿದ್ರೆ ಚಿತ್ತು ಮಾಡ್ತಾರೆ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ನೀವೇ ಎಲ್ಲರದೂ ತುಂಬಿಬಿಡಿ, ಅವರು ಸಹಿ ಹಾಕಲಿ" ಎಂದರು. ದೊಡ್ಡಕ್ಕ ತುಂಬಿದಳು. ತೂಕ, ಎತ್ತರ, ಕನ್ನಡಕ. ಒಂಬತ್ತನೆಯ ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ಬಿಸಿಲಿನಲ್ಲಿ ಇರುತ್ತೀರಿ? ಬೇರೆ ಯಾರಾದರೂ ಬಾಯಿಗೆ ಬಂದದ್ದು ಬರೆಯುತ್ತಿದ್ದರು. ಅವಳು ಗೋಡೆಯ ಗಡಿಯಾರ ನೋಡಿ, ಮೇಜಿನ ಮೇಲಿನ ಬಿಸಿಲು ನೋಡಿ, ಲೆಕ್ಕ ಹಾಕಿ 'ನಾಲ್ಕು' ಎಂದು ಬರೆದಳು. ಹದಿನಾಲ್ಕು ಸಲ. ತಂಗಿಯ ಹಾಳೆಯಲ್ಲಿ, ನೋವು ಇದೆಯೇ ಎಂದು ಕೇಳಿದ ಕಡೆ, 'ಇದೆ, ಸೊಂಟ, ತೊಡೆ' ಎಂದೂ ಬರೆದಳು.

ವಾರಕ್ಕೊಮ್ಮೆ ಬರುವ ಕಾರ್ಖಾನೆಯ ಡಾಕ್ಟರು ಹಾಳೆ ನೋಡಿದರು. ಗುಬ್ಬಿಯನ್ನು ನೋಡಲಿಲ್ಲ.

"ಮದುವೆ ಆಗಿದೆಯಾ?"

"ಇಲ್ಲ."

"ಅದಕ್ಕೇ. ಟೆನ್ಷನ್. ಸ್ವಲ್ಪ ವ್ಯಾಯಾಮ ಮಾಡಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಹಾಳೆಯ ಕೆಳಗೆ ಏನೋ ಗೀಚಿ ಕಟ್ಟಿಗೆ ಸೇರಿಸಿದರು.

ಬಾಗಿಲ ಬಳಿ ಕಾಯುತ್ತಿದ್ದ ದೊಡ್ಡಕ್ಕನ ಹತ್ತಿರ ಗುಬ್ಬಿ, "ಅಕ್ಕಾ, ನನ್ನ ತೊಡೆಗೆ ಗಂಡು ಹುಡುಕಬೇಕಂತೆ" ಎಂದಳು.

ಮುರಿದದ್ದು ಒಂದು ಮಂಗಳವಾರ ಬೆಳಗ್ಗೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಗುಬ್ಬಿ ಬೆಂಚಿನ ಮೇಲೆ ಕೂತು ಎಡಗಾಲು ದಾಟಿಸಿದಳು, ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ದಾಟಿಸಿದಳು, ಎದ್ದು ನಿಂತಳು. ಒಣಗಿದ ಪುಳ್ಳೆ ಮುರಿದ ಸದ್ದು. ಹಿಂದೆ ನಿಂತಿದ್ದ ದೊಡ್ಡಕ್ಕನಿಗೆ ಮೊದಲು ಹೊಳೆದದ್ದು ಬೆಂಚು ಮುರಿಯಿತು ಎಂದು. ಗುಬ್ಬಿ ಕೂಗಲಿಲ್ಲ. ಜಾರಲೂ ಇಲ್ಲ. ನೀರಿನಲ್ಲಿ ಇಳಿದ ಹಾಗೆ ಮೆಲ್ಲಗೆ ಕೆಳಗಿಳಿದು ನೆಲದ ಮೇಲೆ ಕೂತು, ಅಕ್ಕನ ಮುಖ ನೋಡಿ, "ನಾನೇನೂ ಮಾಡಲಿಲ್ಲ ಕಣೇ, ಬರೀ ಎದ್ದೆ" ಎಂದಳು.

ಆಸ್ಪತ್ರೆಯ ಮೂಳೆ ಡಾಕ್ಟರಮ್ಮ ಎಕ್ಸ್‌ರೇ ಚಿತ್ರವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ತೊಡೆಯ ಮೂಳೆ ಕತ್ತಿನಲ್ಲಿ ಮುರಿದಿತ್ತು. ಇನ್ನೊಂದು ತೊಡೆಯಲ್ಲೂ ತೆಳ್ಳಗೆ ಒಂದು ಗೆರೆ, ಮುರಿಯಲು ಸರದಿ ಕಾಯುತ್ತಿರುವಂಥದ್ದು.

"ಎಲ್ಲಿಂದ ಬಿದ್ರು?"

"ಬೀಳಲಿಲ್ಲ ಡಾಕ್ಟ್ರೇ. ಎದ್ದು ನಿಂತಳು, ಅಷ್ಟೇ."

ಡಾಕ್ಟರಮ್ಮ ನಂಬಿದರು. ಆ ಒಂದೂವರೆ ವರ್ಷದಲ್ಲಿ ನಂಬಿದವರು ಅವರೊಬ್ಬರೇ. ರಕ್ತ ತೆಗೆಸಿದರು. ಎರಡು ದಿನ ಬಿಟ್ಟು ಚೀಟಿ ಹಿಡಿದು ಮಂಚದ ಹತ್ತಿರ ಬಂದರು.

"ವಿಟಮಿನ್ ಡಿ ಇಪ್ಪತ್ತಾದರೂ ದಾಟಿರಬೇಕು. ಇವರದು ಆರು. ಮೂಳೆ ಗಟ್ಟಿಯಾಗೋದಕ್ಕೆ ಸುಣ್ಣದ ಅಂಶ ಬೇಕಲ್ಲ, ಅದನ್ನ ಮೈಗೆ ಹಿಡಿಸೋದೇ ಇದು. ಇದಿಲ್ಲದೆ ಮೂಳೆ ಮೆತ್ತಗಾಗಿದೆ. ತೊಡೆಯ ಮಾಂಸಕ್ಕೂ ಶಕ್ತಿ ಇಲ್ಲ. ಏಳೋಕೆ ಕೈಯೂರ್ತಿದ್ರಾ? ಮೆಟ್ಟಿಲು ಕಷ್ಟ ಆಗ್ತಿತ್ತಾ? ನಡಿಗೆ ವಾಲ್ತಿತ್ತಾ?"

ಒಂದೊಂದು ಪ್ರಶ್ನೆಗೂ ದೊಡ್ಡಕ್ಕನ ತಲೆ ಕೆಳಗಾಯಿತು.

"ಬಿಸಿಲು ಕಾಣ್ತಾರಾ ಇವರು?"

ಅಲ್ಲಿ ಅವಳು ತಲೆಯೆತ್ತಿದಳು. "ದಿನಾ ನಾಲ್ಕು ಗಂಟೆ. ನಾನೇ ಕೂರಿಸ್ತೀನಿ. ಗಾಜಿನ ಪಕ್ಕ."

"ಗಾಜು ತೆಗೆದಿರುತ್ತಾ?"

"ಇಲ್ಲ, ಧೂಳು ಬರುತ್ತಲ್ಲ. ತೆಗೆಯೋ ಹಾಗೇ ಇಲ್ಲ ಅದು."

"ಮೈಮೇಲೆ?"

"ಗೌನು. ಗ್ಲೌಸು. ಮಾಸ್ಕು."

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತರು. ದನಿ ಮೆತ್ತಗಾಯಿತು. ಅದೇ ಹೆಚ್ಚು ಚುಚ್ಚಿತು. "ನೋಡಿಮ್ಮಾ, ಗಾಜು ಬೆಳಕು ಬಿಡುತ್ತೆ, ಶಾಖ ಬಿಡುತ್ತೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟೋಕೆ ಬೇಕಾದ ಕಿರಣ ಒಂದನ್ನ ಮಾತ್ರ ಬಿಡಲ್ಲ. ಗೌನು ಕಳಚಿ ಕೂತಿದ್ರೂ ಅಲ್ಲಿ ಏನೂ ಸಿಗ್ತಿರಲಿಲ್ಲ. ಆ ಕುರ್ಚಿಯಲ್ಲಿ ಹತ್ತು ವರ್ಷ ಕೂತರೂ ಒಂದೇ, ನೆಲಮಾಳಿಗೆಯಲ್ಲಿ ಕೂತರೂ ಒಂದೇ. ಮೊದಲೇ ಒಂದು ರಕ್ತಪರೀಕ್ಷೆ ಆಗಿದ್ರೆ ಗುಳಿಗೆಯಲ್ಲೇ ಸರಿಹೋಗ್ತಿತ್ತು, ಮುರಿಯೋತನಕ ಬರ್ತಿರಲಿಲ್ಲ. ಎಂಥ ಕೆಲಸ ನಿಮ್ಮದು?"

"ಗುಳಿಗೆ ಕಾರ್ಖಾನೆ."

"ಯಾವ ಗುಳಿಗೆ?"

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಗುಬ್ಬಿ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು, ನಕ್ಕರೆ ನೋವಾಗುತ್ತಿತ್ತು, ಆದರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನರ್ಸು ವಾರಕ್ಕೊಂದು ನುಂಗಲು ಕೊಟ್ಟ ಗುಳಿಗೆ ಪಟ್ಟಿಯ ಹಿಂದೆ ಅವರ ಕಾರ್ಖಾನೆಯದೇ ಗುರುತು. ಗುಬ್ಬಿ ಒಂದನ್ನು ಒತ್ತಿ ತೆಗೆದು, ಅಭ್ಯಾಸಬಲದಿಂದ ದೀಪಕ್ಕೆ ಹಿಡಿದು, ಎರಡು ಬೆರಳಲ್ಲಿ ಉರುಳಿಸಿ ನೋಡಿದಳು.

"ಅಕ್ಕಾ, ಇದರಲ್ಲಿ ಗುಳ್ಳೆ ಇದೆ ನೋಡು. ರೇಡಿಯೋದೇ ಕೆಲಸ ಇದು. ಕೆಂಪು ಡಬ್ಬಿಗೆ ಹೋಗಬೇಕಾಗಿದ್ದು."

"ಸುಮ್ನೆ ನುಂಗೇ" ಎಂದಳು ದೊಡ್ಡಕ್ಕ. ಅಂದ ಕೂಡಲೇ ಎದ್ದು ಕಾರಿಡಾರಿಗೆ ಹೋದಳು.

ಅದರ ತುದಿಯಲ್ಲಿ ಕಿಟಕಿಯಿತ್ತು, ಗಾಜಿನದೇ. ಹೊರಗೆ ಸುಡು ಮಧ್ಯಾಹ್ನ. ಅವಳು ಗಾಜಿಗೆ ಅಂಗೈ ಒತ್ತಿದಳು. ಬೆಚ್ಚಗಿತ್ತು. ಅದೇ ಬೆಚ್ಚಗೆ. ಅಂಗೈಯನ್ನು ಕಿತ್ತುಕೊಂಡಳು, ಕಳ್ಳನ ಕೈ ಮುಟ್ಟಿದವಳಂತೆ. ಗುಬ್ಬಿಯದೋ, ಒಂಬತ್ತು ವರ್ಷ ಮೂಳೆಗೆ ಮದ್ದು ಆರಿಸಿದ ಕೈ, ಅದರ ಕಣವೂ ಮೈಗೆ ಸಿಗದ ಹಾಗೆ ಗ್ಲೌಸಿನಲ್ಲಿ ಕಟ್ಟಿಹಾಕಿದ ಕೈ. ಧೂಳಿನಿಂದ ಗುಳಿಗೆಯನ್ನು ಕಾಯಲು ಹನ್ನೊಂದು ಹಂತವಿತ್ತು. ಆರಿಸುವವಳನ್ನು ಕಾಯಲು ಒಂದೂ ಇರಲಿಲ್ಲ. ಹೀಗೆಂದು ಗೊತ್ತಿರಬೇಕಾದವರು ಎಷ್ಟು ಜನ! ಗಾಜು ಹಾಕಿಸಿದವನಿಗೆ, ಗುಳಿಗೆಯ ಚೀಟಿಯಲ್ಲಿ ಅದರ ಗುಣ ಬರೆದವನಿಗೆ, ಮದುವೆಯಾಗಿದೆಯಾ ಎಂದು ಕೇಳಿದವನಿಗೆ. ಅವನ ನೆನಪಾದಾಗ ಅವಳ ಮೈ ಉರಿಯಿತು. ಆಮೇಲೆ 'ನಾಲ್ಕು' ಎಂಬ ತನ್ನ ಮುತ್ತಿನಂಥ ಅಕ್ಷರ ನೆನಪಾಯಿತು. ಆ ಉರಿ ಅವಳ ಕಡೆಗೇ ತಿರುಗಿತು.

ಐದನೆಯ ದಿನ ಮ್ಯಾನೇಜರು ಕರೆಸಿದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಎಂದೂ ದನಿ ಏರಿಸಿದವರಲ್ಲ. ಕೂರಲು ಹೇಳಿದರು, ನೀರು ತರಿಸಿದರು, ಗುಬ್ಬಿಯ ಆರೋಗ್ಯ ವಿಚಾರಿಸಿದರು. ಆಮೇಲೆ ಒಂದು ಹಾಳೆ ಮುಂದಕ್ಕೆ ಸರಿಸಿದರು.

"ಸಾಕ್ಷಿ ಹೇಳಿಕೆ ಅಕ್ಕಾ. ಹತ್ತಿರ ಇದ್ದವರು ನೀವೊಬ್ಬರೇ. ಓದಿ ಒಂದು ಸಹಿ ಹಾಕಿಬಿಡಿ."

ಅವಳು ಓದಿದಳು. 'ಸದರಿ ಕೆಲಸಗಾರ್ತಿ ತಡವಾಗಿ ಬಂದು, ತರಾತುರಿಯಲ್ಲಿ ಬೆಂಚು ದಾಟುವಾಗ ಕಾಲು ಜಾರಿ, ಸ್ವಂತ ಅಜಾಗರೂಕತೆಯಿಂದ...'

"ಅವಳು ಜಾರಲಿಲ್ಲ ಸರ್."

"ಮುರಿದಿದೆ ಅಂದ್ಮೇಲೆ ಜಾರಿರಬೇಕಲ್ಲಾ ಅಕ್ಕಾ. ಎದ್ದು ನಿಂತ ಮಾತ್ರಕ್ಕೆ ಯಾರಿಗಾದ್ರೂ ತೊಡೆ ಮುರಿಯುತ್ತಾ?"

"ಮೂಳೆ ಮೆತ್ತಗಾದವರಿಗೆ ಮುರಿಯುತ್ತೆ. ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ." ಅವಳು ಚೀಟಿ ತೆಗೆದಿಟ್ಟಳು. "ವಿಟಮಿನ್ ಡಿ ಬರೀ ಆರು. ಬಿಸಿಲಿಲ್ಲದೆ ಹೀಗಾಗಿದೆ. ಸರ್, ಒಳಗೆ ಇನ್ನೂ ಹದಿಮೂರು ಜನ ಇದ್ದೀವಿ. ಎಲ್ಲರ ರಕ್ತ ನೋಡಿಸಬೇಕು. ಊಟದ ಹೊತ್ತಿಗೆ ಹೊರಗೆ ಬಿಡಬೇಕು. ಆ ಹನ್ನೊಂದು ಹಂತದ ಹೊತ್ತನ್ನ ಬಿಡುವಿನಲ್ಲಿ ಹಿಡೀಬಾರದು. ಇಷ್ಟೇ."

ಮ್ಯಾನೇಜರು ಚೀಟಿಯನ್ನು ಮುಟ್ಟಲಿಲ್ಲ. ಬೀರುವಿನಿಂದ ಒಂದು ಕಡತ ತೆಗೆದು, ಗುರುತು ಇಟ್ಟ ಜಾಗದಲ್ಲಿ ಬಿಚ್ಚಿ, ಅವಳ ಕಡೆಗೆ ತಿರುಗಿಸಿದರು. ಮೊದಲೇ ಗುರುತು ಇಟ್ಟಿದ್ದರು ಎನ್ನುವುದು ಅವಳ ಕಣ್ಣಿಗೆ ಬೀಳದೆ ಹೋಗಲಿಲ್ಲ.

"ಇದು ಯಾರ ಅಕ್ಷರ ಅಕ್ಕಾ?"

ಗುಬ್ಬಿಯ ಹಾಳೆ. ಒಂಬತ್ತನೆಯ ಪ್ರಶ್ನೆ. ನಾಲ್ಕು. ಅದರ ಕೆಳಗೆ ಡಾಕ್ಟರು ಗೀಚಿದ್ದು ಈಗ ಮೊದಲ ಸಲ ಅವಳಿಗೆ ಕಂಡಿತು: ಬಿಸಿಲು ಸಾಕಷ್ಟಿದೆ, ರಕ್ತಪರೀಕ್ಷೆ ಬೇಕಿಲ್ಲ.

ತಂಗಿ ಮತ್ತು ಒಂದು ಹನಿ ರಕ್ತದ ನಡುವೆ ಅಡ್ಡ ಬಂದದ್ದು ತನ್ನದೇ ಅಕ್ಷರ.

"ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು ಮ್ಯಾನೇಜರು, ಇನ್ನೂ ಮೆತ್ತಗೆ. "ಇದು ಸರಿ ಅಂದ್ರೆ ಬಿಸಿಲಿನ ಮಾತೇ ಬರಲ್ಲ. ತಪ್ಪು ಅಂದ್ರೆ ನೀವು ಹದಿನಾಲ್ಕು ಸುಳ್ಳು ದಾಖಲೆ ಬರೆದ ಹಾಗಾಯ್ತು. ಅದಕ್ಕೇನು ಶಿಕ್ಷೆ ಅಂತ ನಾನು ಹೇಳಬೇಕಾ? ಹೊಸಬರಿಗೆ ಪಾಠ ಮಾಡೋರು ನೀವೇ. ಹದಿನಾರು ವರ್ಷದ ಕೆಲಸ ಅಕ್ಕಾ. ತಂಗಿ ಮಲಗಿದ್ದಾಳೆ, ಅಮ್ಮನಿಗೆ ವಯಸ್ಸಾಗಿದೆ. ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಜೀವಮಾನವೆಲ್ಲ ಅದನ್ನೇ ಮಾಡಿದವಳು. ಹಾಲು ಉಕ್ಕುವ ಮೊದಲೇ ಒಲೆಯ ಹತ್ತಿರ ನಿಂತವಳು, ವ್ಯಾನು ಬರುವ ಮೊದಲೇ ರಸ್ತೆಗೆ ಬಂದವಳು, ಆಡಿದ ಮಾತನ್ನು ಮನೆಗೆ ಹೋಗಿ ಇನ್ನೊಮ್ಮೆ ತೂಗಿದವಳು. ಕೆಲಸ ಹೋದರೆ? ಇಬ್ಬರದೂ ಹೋದರೆ? ಎಂದಿನಂತೆ ಕಣ್ಣು ಸುತ್ತ ಓಡಿತು, ತಪ್ಪು ಹುಡುಕುತ್ತ. ಮ್ಯಾನೇಜರ ತಲೆಯ ಮೇಲೆ, ಗೋಡೆಯಲ್ಲಿ, ಕಾರ್ಖಾನೆಯ ಎಲ್ಲ ಕೋಣೆಗಳಲ್ಲೂ ತೂಗುಹಾಕಿದ ಅದೇ ಫಲಕ.

ತಪ್ಪಾದರೆ ಅಳಿಸಬೇಡಿ. ಅದರ ಮೇಲೆಯೇ ಬರೆಯಬೇಡಿ. ಹಾಳೆ ಹರಿಯಬೇಡಿ. ಒಂದೇ ಗೆರೆ ಎಳೆಯಿರಿ, ಹಳೆಯದು ಓದುವಂತಿರಲಿ. ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಕು.

ಇದನ್ನು ಅವಳು ಎಷ್ಟು ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದಳು! ರೇಡಿಯೋ ಒಮ್ಮೆ ಏಳನ್ನು ಒಂಬತ್ತಾಗಿ ತಿದ್ದಿದ್ದಕ್ಕೆ ಇದೇ ಮ್ಯಾನೇಜರು ಇಡೀ ಕೋಣೆಯನ್ನು ನಿಲ್ಲಿಸಿ ಒಂದು ಗಂಟೆ ಉಪದೇಶ ಮಾಡಿದ್ದರು. ತಪ್ಪು ಮಾಡೋದು ತಪ್ಪಲ್ಲ, ತಪ್ಪನ್ನ ಮುಚ್ಚಿಡೋದು ತಪ್ಪು. ನಮ್ಮ ಹೆಸರು ಅಚ್ಚಾದ ಯಾವ ಹಾಳೆಗೂ ಇದೇ ನಿಯಮ ಎಂದಿದ್ದರು.

ಆರೋಗ್ಯದ ಹಾಳೆಯ ನೆತ್ತಿಯ ಮೇಲೆ ಕಾರ್ಖಾನೆಯ ಹೆಸರು ದಪ್ಪಗೆ ಅಚ್ಚಾಗಿತ್ತು.

"ಸರ್, ನೀಲಿ ಪೆನ್ನು ಕೊಡಿ" ಎಂದಳು ದೊಡ್ಡಕ್ಕ.

ಸಹಿ ಹಾಕುತ್ತಾಳೆಂದು ಅವರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಅವಳು ಸಾಕ್ಷಿ ಹೇಳಿಕೆಯನ್ನು ಪಕ್ಕಕ್ಕಿಟ್ಟು ಕಡತ ಎಳೆದುಕೊಂಡಳು. 'ನಾಲ್ಕು' ಎಂಬುದರ ಮೇಲೆ ಒಂದೇ ಒಂದು ಗೆರೆ, ನೇರ. ಪಕ್ಕದಲ್ಲಿ 'ಸೊನ್ನೆ'. ಕಾರಣ: 'ಗಾಜಿನ ಒಳಗಿನ ಬಿಸಿಲನ್ನು ಬಿಸಿಲೆಂದು ತಿಳಿದು ಬರೆದದ್ದು.' ಸಹಿ. ತಾರೀಕು. ಹಾಳೆ ತಿರುವಿದಳು.

"ಏನ್ ಮಾಡ್ತಿದೀರಾ?"

"ತಪ್ಪು ತಿದ್ದುತಾ ಇದೀನಿ ಸರ್."

"ಅಕ್ಕಾ, ಕೊಡಿ ಇಲ್ಲಿ. ಅದು ಹಾಗೆ ಮಾಡೋದಲ್ಲ. ಮೇಲಿನವರನ್ನ ಕೇಳಬೇಕು."

"ಫಲಕದಲ್ಲಿ ಕೇಳಬೇಕು ಅಂತ ಇಲ್ಲ. ತಪ್ಪು ಕಂಡ ಕೂಡಲೇ ತಿದ್ದಬೇಕು ಅಂತ ನೀವೇ ಹೇಳಿಕೊಟ್ಟಿದ್ದು."

ಮೂರನೆಯದು ರೇಡಿಯೋದು. ಗೆರೆ, ಸೊನ್ನೆ, ಕಾರಣ, ಸಹಿ. ಮ್ಯಾನೇಜರ ಕೈ ಕಡತದ ಅಂಚಿಗೆ ಬಂತು. ಅವಳು ಕೈ ನೋಡಿದಳು, ಮುಖ ನೋಡಿದಳು.

"ಎಳೀರಿ ಸರ್. ಹರೀಲಿ. ಹದಿನಾಲ್ಕಕ್ಕೂ ನಂಬರು ಬಿದ್ದಿದೆ, ಪುಸ್ತಕದಲ್ಲಿ ಏರಿದೆ. ಮುಂದಿನ ವಾರ ತಪಾಸಣೆಯವರು ಬಂದಾಗ ಒಂದು ಕಡಿಮೆ ಇದ್ದರೂ ಎಲ್ಲಿ ಅಂತ ನಿಮ್ಮನ್ನೇ ಕೇಳ್ತಾರೆ. ನನ್ನ ಹತ್ರ ಆದ್ರೂ ಕಾರಣ ಇದೆ. ನೀವು ಏನು ಬರೀತೀರಿ?"

ಹದಿನಾರು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ದನಿ ಏರಿಸಿದ್ದು ಅದೇ ಮೊದಲು. ಗುಮಾಸ್ತನೊಬ್ಬ ಬಾಗಿಲಲ್ಲಿ ಇಣುಕಿ, ಕಂಡದ್ದೇ ಬೇಡವೆಂದು ತಲೆ ಒಳಗೆಳೆದುಕೊಂಡ. ಮ್ಯಾನೇಜರ ಕೈ ಹಿಂದೆ ಹೋಯಿತು.

"ನೀವು ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದೀರಾ."

"ನಮ್ಮ ಕಾಲಿಗೆ ಕಲ್ಲು ಬೇಕಾಗಿಲ್ಲ ಸರ್. ಎದ್ದು ನಿಂತರೆ ಸಾಕು, ಮುರಿಯುತ್ತೆ. ಬಾತುಕೋಳಿ ಅಂತ ನಕ್ಕೆವು ಅವಳನ್ನ. ನಾನೂ ನಕ್ಕೆ. ನಿಮ್ಮ ಡಾಕ್ಟರು ಮದುವೆ ಆಗಿದೆಯಾ ಅಂದ್ರು. ಅವರು ಗೀಚಿದ್ದಕ್ಕೆ ಮಾತ್ರ ನಾನು ಗೆರೆ ಎಳೆಯೋಕೆ ಆಗಲ್ಲ, ಅವರೇ ಬಂದು ಎಳೀಲಿ."

ಬರೆಯುತ್ತಲೇ ಇದ್ದಳು. ಆರು, ಏಳು, ಎಂಟು. ಒಂದೊಂದು ಹೆಸರಿನ ಮುಂದೆಯೂ ಕಂಡದ್ದೆಲ್ಲ ಈಗ ಸಾಲಾಗಿ ನೆನಪಿಗೆ ಬಂತು. ಇವಳು ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುತ್ತಾಳೆ. ಇವಳಿಗೆ ಬೆನ್ನು ನೋವು, ಕುರ್ಚಿಗೆ ದಿಂಬು ತಂದಿಟ್ಟಿದ್ದಾಳೆ. ಇವಳು ಈಗ ಐದು ತಿಂಗಳ ಬಸುರಿ. ಆ ಹಾಳೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತು, ಗೆರೆ ಉಳಿದವಕ್ಕಿಂತ ಒತ್ತಾಗಿ ಬಿತ್ತು. ಎಲ್ಲ ಕಂಡಿತ್ತು. ಆರಿಸಿ ಕೆಂಪು ಡಬ್ಬಿಗೆ ಹಾಕಲು ಇವು ಗುಳಿಗೆಯಲ್ಲ ಎಂದು ಬಿಟ್ಟಿದ್ದಳೋ ಏನೋ.

ಹದಿನಾಲ್ಕನೆಯದು ಅವಳದೇ. ಅದಕ್ಕೂ ಗೆರೆ, ಅದಕ್ಕೂ ಸೊನ್ನೆ. ಆಮೇಲೆ ಸಾಕ್ಷಿ ಹೇಳಿಕೆಯ ಒಕ್ಕಣೆಯ ಮೇಲೆ ಅಡ್ಡ ಗೆರೆ ಎಳೆದು ಕೆಳಗೆ ಬರೆದಳು: 'ಅವಳು ತಡವಾಗಿ ಬರಲಿಲ್ಲ. ಜಾರಲಿಲ್ಲ. ಎದ್ದು ನಿಂತಳು, ತೊಡೆ ಮುರಿಯಿತು. ನಾನು ಹಿಂದೆ ನಿಂತು ನೋಡಿದೆ.'

ಎರಡನ್ನೂ ಅವರ ಮುಂದಕ್ಕೆ ಸರಿಸಿದಳು. "ಪರಿಶೀಲಿಸಿದವರು ಅನ್ನೋ ಕಡೆ ನಿಮ್ಮ ಸಹಿ ಬರಬೇಕು ಸರ್. ಹದಿನಾಲ್ಕು ಕಡೆ."

ಮ್ಯಾನೇಜರು ಪೆನ್ನನ್ನು ನೋಡಿದರು, ಮುಟ್ಟಲಿಲ್ಲ. ಫೋನನ್ನು ನೋಡಿದರು, ಅದನ್ನೂ ಮುಟ್ಟಲಿಲ್ಲ. "ನಾಳೆಯಿಂದ ನೀವು ಆ ಮೇಜಿನ ಹಿರಿಯರಾಗಿರಲ್ಲ, ಅದಂತೂ ಖಾತ್ರಿ" ಎಂದರು ಕೊನೆಗೆ.

"ಆಗಲಿ. ಕುರ್ಚಿ ಹಂಚೋ ಕೆಲಸ ನಂಗೂ ಸಾಕಾಗಿದೆ."

ಏಳಲು ಹೊರಟಳು. ಅರ್ಧ ಎದ್ದ ಮೇಲೆ ಅವಳಿಗೆ ಗೊತ್ತಾಯಿತು, ತನ್ನ ಎರಡೂ ಕೈ ಮೊ‌ಣಕಾಲ ಮೇಲಿವೆ. ತೊಡೆ ನಡುಗುತ್ತಿದೆ. ಯಾವಾಗಿನಿಂದ? ನಿನ್ನೆಯಿಂದಲೋ, ಎರಡು ವರ್ಷದಿಂದಲೋ? ಎಲ್ಲರನ್ನೂ ಕಾಯುತ್ತ ಕೂತವಳು ತನ್ನ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಮ್ಯಾನೇಜರು ಅವಳ ಕೈಗಳನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಕೈ ತೆಗೆಯಲು ಹೋಗಿ, ತೆಗೆಯಲಿಲ್ಲ. ಹಾಗೇ ಬಗ್ಗಿ ನಿಂತು ಅವರ ಕಣ್ಣಲ್ಲಿ ಕಣ್ಣಿಟ್ಟಳು.

"ಸರಿಯಾಗಿ ನೋಡ್ಕೊಳ್ಳಿ ಸರ್. ನಾವು ಏಳೋದು ಹೀಗೆ."

ಅವರು ಕಣ್ಣು ಕೆಳಗೆ ಹಾಕುವವರೆಗೂ ನಿಂತಿದ್ದು, ಕೈಯೂರಿ, ಪೂರ್ತಿ ಎದ್ದಳು.

ಒಳಗೆ ಹೋಗಲು ಹನ್ನೊಂದು ಹಂತ. ಅವಳು ಆ ಕಡೆ ತಿರುಗಲಿಲ್ಲ. ಅಂಗಳಕ್ಕೆ ಇಳಿದು, ಕಟ್ಟಡವನ್ನು ಸುತ್ತಿ, ಗಾಜಿನ ಗೋಡೆಯ ಮುಂದೆ ನಿಂತಳು. ಹನ್ನೆರಡೂವರೆ. ಹೊರಗಿನಿಂದ ಆ ಕೋಣೆಯನ್ನು ಅವಳು ನೋಡಿದ್ದು ಅದೇ ಮೊದಲು. ಮೀನಿನ ತೊಟ್ಟಿಯ ಹಾಗಿತ್ತು. ಹನ್ನೆರಡು ಬಿಳಿ ಗೌನು ತಟ್ಟೆಯ ಮೇಲೆ ಬಾಗಿದ್ದವು. ಬಿಸಿಲಿನ ಬದಿಯ ಗುಬ್ಬಿಯ ಕುರ್ಚಿಯಲ್ಲಿ, ಅಂತೂ ಗೆದ್ದವಳಂತೆ, ರೇಡಿಯೋ.

ದೊಡ್ಡಕ್ಕ ತೋಳು ಮೇಲಕ್ಕೆ ಸುತ್ತಿದಳು. ಚರ್ಮ ಬೆಂದ ಅನ್ನದಷ್ಟು ಬೆಳ್ಳಗಿತ್ತು. ಬಿಸಿಲು ಮುಟ್ಟಿದ ಕೂಡಲೇ ಚುರುಗುಟ್ಟಿತು. ಗಾಜಿನ ಒಳಗೆ ಎಂದೂ ಹೀಗೆ ಚುರುಗುಟ್ಟಿರಲಿಲ್ಲ ಎನ್ನುವುದು ಹದಿನಾರು ವರ್ಷದಲ್ಲಿ ತನಗೇಕೆ ಹೊಳೆಯಲಿಲ್ಲ ಎಂದು ಅವಳಿಗೆ ಮತ್ತೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಗಾಜನ್ನು ಗುದ್ದಿದಳು.

ರೇಡಿಯೋ ತಲೆಯೆತ್ತಿದಳು. ಹುಬ್ಬು ಮೇಲೇರಿತು. ಮಾಸ್ಕಿನ ಹಿಂದೆ ಬಾಯಿ ಆಡುವುದು ಕಂಡಿತು, ಸದ್ದು ಕೇಳಿಸಲಿಲ್ಲ. ಏನೇ, ಹುಚ್ಚು ಹಿಡೀತಾ ಎಂದಿರಬೇಕು.

ದೊಡ್ಡಕ್ಕ ಗಾಜಿನ ಮೇಲೆ ಬೆರಳಿಟ್ಟು ರೇಡಿಯೋದ ಬೆನ್ನ ಮೇಲಿನ ಬಿಸಿಲನ್ನು ತೋರಿಸಿ, ಇಲ್ಲ ಎಂದು ತಲೆಯಾಡಿಸಿದಳು. ತನ್ನ ಬರಿ ತೋಳನ್ನು ತೋರಿಸಿದಳು. ಬಾ ಎಂದು ಕೈ ಮಾಡಿದಳು. ರೇಡಿಯೋ ಬಾಗಿಲ ಕಡೆ ನೋಡಿದಳು, ಗಡಿಯಾರ ನೋಡಿದಳು. ಪಕ್ಕದಲ್ಲಿ ಬಸುರಿ ಹೆಂಗಸು ತಟ್ಟೆ ಬಿಟ್ಟು, ಮೊಣಕಾಲಿಗೆ ಕೈಯೂರಿ ಏಳತೊಡಗಿದ್ದಳು.

ದೊಡ್ಡಕ್ಕ ಮತ್ತೆ ಗುದ್ದಿದಳು. ಎಲ್ಲರೂ ಏಳುವವರೆಗೆ ನಿಲ್ಲಿಸುವ ಯೋಚನೆ ಅವಳಿಗಿರಲಿಲ್ಲ.